ಹೇರು ಹೊರುವ ಘಾಟಿ: ತೀರ್ಥಹಳ್ಳಿ–ಕುಂದಾಪುರ ರಸ್ತೆಯ ಮೇಲೆ ಒಂದು ಸಂಜೆಯ ಮಾತು

(ತೀರ್ಥಹಳ್ಳಿಯಲ್ಲಿ ಓದುಗರ ಕೂಟವೊಂದರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಘಾಟಿ ಅಂದ ಕೂಡಲೇ ಆಗುಂಬೆಯ ಸೂರ್ಯಾಸ್ತದ ಬಗ್ಗೆ ಮಾತಿರುತ್ತದೆ ಅಂದುಕೊಂಡು ಬಂದವರಿದ್ದರೆ ಈಗಲೇ ಎದ್ದು ಕಾಫಿ ಕುಡಿದು ಬರಬಹುದು, ಬೇಜಾರಿಲ್ಲ. ಆಗುಂಬೆಗೆ ಹೆಸರಿದೆ, ಫೋಟೋ ಇದೆ, ಸಿನಿಮಾದವರು ಬರುತ್ತಾರೆ. ನಾನು ಮಾತಾಡಲು ಹೊರಟಿರುವುದು ಅದರ ಉತ್ತರಕ್ಕಿರುವ ಇನ್ನೊಂದು ಘಾಟಿಯ ಬಗ್ಗೆ. ಕೆಲವರು ಹುಲಿಕಲ್ ಘಾಟಿ ಅನ್ನುತ್ತಾರೆ, ಕೆಲವರು ಬಾಳೆಬರೆ ಘಾಟಿ ಅನ್ನುತ್ತಾರೆ, ಹಳೆಯ ಕಾಗದಪತ್ರದಲ್ಲಿ ಹೊಸಂಗಡಿ ಘಾಟಿ ಅಂತಲೇ ಇದೆ. ನಮ್ಮೂರಿನಿಂದ ಹೊರಟು ಯಡೂರು, ಮಾಸ್ತಿಕಟ್ಟೆ, ಹುಲಿಕಲ್ ದಾಟಿ, ಘಟ್ಟ ಇಳಿದು ಹೊಸಂಗಡಿ, ಸಿದ್ದಾಪುರ, ಅಂಪಾರು, ಕಂಡ್ಲೂರು, ಬಸ್ರೂರಿನ ಮೇಲೆ ಕುಂದಾಪುರ ಸೇರುವ ರಾಜ್ಯ ಹೆದ್ದಾರಿ 52. ಪೂರ್ತಿ ಹಿಡಿದರೂ ಅರ್ಧ ದಿನದ ದಾರಿಯೂ ಅಲ್ಲ. ನಕ್ಷೆಯಲ್ಲಿ ಹುಡುಕಲು ಕನ್ನಡಕ ಬೇಕು.

ಹಾಗಿದ್ದರೆ ಇದರ ಬಗ್ಗೆ ಒಂದು ಸಂಜೆ ಮಾತಾಡುವಂಥದ್ದು ಏನಿದೆ? ನನಗೆ ಕಂಡಿದ್ದು ಇಷ್ಟು. ಮಲೆನಾಡಿನಿಂದ ಕರಾವಳಿಗೆ ಇಳಿಯುವ ದಾರಿಗಳಲ್ಲಿ ಭಾರ ಹೊತ್ತಿದ್ದು ಇದು. ಇವತ್ತೂ ಹೊರುತ್ತಿರುವುದು ಇದೇ. ಆಗುಂಬೆ ಘಾಟಿಯಲ್ಲಿ ಭಾರಿ ಲಾರಿಗೆ ಅವಕಾಶವಿಲ್ಲ, ಬಸ್ಸುಗಳಲ್ಲೂ ಓಡುವುದು ಮಿನಿ ಬಸ್ಸುಗಳೇ. ಅದರ ಹದಿನಾಲ್ಕು ತಿರುವುಗಳಲ್ಲಿ ಉದ್ದದ ಗಾಡಿ ತಿರುಗುವುದಿಲ್ಲ. ಹಾಗಾಗಿ ಸಿಮೆಂಟು, ಕಬ್ಬಿಣ, ಗೊಬ್ಬರ, ಮೀನು, ಸಾಮಾನು ತುಂಬಿದ ದೊಡ್ಡ ಲಾರಿಗಳು, ದೊಡ್ಡ ಬಸ್ಸುಗಳು ಎಲ್ಲಾ ಹುಲಿಕಲ್ಲಿಗೆ ಬರುತ್ತವೆ. ಹೊಗಳಿಕೆ ಅಲ್ಲಿಗೆ, ಹೇರು ಇಲ್ಲಿಗೆ. ಇದು ಇವತ್ತಿನ ಏರ್ಪಾಟು ಅಂತ ನಾನೂ ಅಂದುಕೊಂಡಿದ್ದೆ. ಹಳೆಯ ಗ್ಯಾಸೆಟಿಯರುಗಳನ್ನು ಓದುತ್ತಾ ಹೋದಂತೆ ಮುನ್ನೂರೈವತ್ತು ವರ್ಷದಿಂದಲೂ ಹೆಚ್ಚುಕಡಿಮೆ ಇದೇ ಕತೆ ಅಂತ ಗೊತ್ತಾಯಿತು.

ದಾರಿಯನ್ನು ಮೊದಲು ಒಮ್ಮೆ ನಡೆದುಬಿಡೋಣ. ಮೈಲಿಗಲ್ಲು ನೋಡಿ. ತಲೆಗೆ ಹಸಿರು ಬಣ್ಣ ಇದ್ದರೆ ರಾಜ್ಯ ಹೆದ್ದಾರಿ, ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ತೀರ್ಥಹಳ್ಳಿಯಲ್ಲಿ ನಿಂತರೆ ಎರಡೂ ಕಾಣುತ್ತವೆ. ಆಗುಂಬೆ ಕಡೆಗೆ ಹಳದಿ, ಅದು ಮಲ್ಪೆಗೆ ಹೋಗುವ 169ಎ. ನಮ್ಮದು ಹಸಿರು. ಊರು ದಾಟಿದ ಮೇಲೆ ತೋಟ, ಗದ್ದೆ, ಕಾಡು, ಮತ್ತೆ ತೋಟ. ಸುಮಾರು ಹದಿನೆಂಟು ಕಿಲೋಮೀಟರ್ ದೂರದಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಕವಲೇದುರ್ಗದ ಕೋಟೆ. ಈಗಿನ ಹುಡುಗರಿಗೆ ಅದು ಭಾನುವಾರದ ಟ್ರೆಕ್ಕಿಂಗ್. ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ತಾಲೂಕಿಗೇ ಕವಲೇದುರ್ಗದ ಹೆಸರಿತ್ತು. ತೀರ್ಥಹಳ್ಳಿ ಅಂದರೆ ಹೊಳೆದಂಡೆಯ ಕ್ಷೇತ್ರ ಮತ್ತು ಎಳ್ಳಮಾವಾಸ್ಯೆ ಜಾತ್ರೆ.

ಈ ಮೇಲ್ಭಾಗದ ಸೀಮೆಯಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ತೀರ್ಥಹಳ್ಳಿಯ ಅಂಗಳದಲ್ಲಿ ಬಿದ್ದ ಮಳೆ ತುಂಗೆಗೆ ಸೇರಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಂಬುತೀರ್ಥದಲ್ಲಿ ಬಿದ್ದಿದ್ದು ಶರಾವತಿ, ಜೋಗದಲ್ಲಿ ಧುಮುಕಿ ಹೊನ್ನಾವರಕ್ಕೆ. ಕವಲೇದುರ್ಗದ ಆಚೆ ಬಿದ್ದಿದ್ದು ವಾರಾಹಿ, ನೇರ ಕುಂದಾಪುರಕ್ಕೆ. ಒಂದು ಗಂಟೆಯ ಬಸ್ ಪ್ರಯಾಣದ ಆಚೀಚೆ ಮೂರು ನದಿಗಳ ಸೀಮೆ. ವಾರಾಹಿ ಮಾತ್ರ ನಮ್ಮ ರಸ್ತೆಯ ಜೊತೆ ಕೊನೆತನಕ ಬರುತ್ತಾಳೆ. ಘಟ್ಟದ ಕೆಳಗೆ ಕಂಡ್ಲೂರಿನ ಸೇತುವೆಯಲ್ಲಿ ಅವಳನ್ನು ದಾಟುತ್ತೇವೆ, ಆಮೇಲೆ ಅವಳು ಸೌಪರ್ಣಿಕೆ, ಚಕ್ರೆ, ಕುಬ್ಜೆ, ಖೇಟಕಿಯರ ಜೊತೆ ಪಂಚಗಂಗಾವಳಿಯಾಗಿ ಸಮುದ್ರ ಸೇರುತ್ತಾಳೆ.

ಮಾಸ್ತಿಕಟ್ಟೆ ಕಡೆಯಲ್ಲಿ ಹೊಸನಗರ, ನಗರ ಎಂಬ ಊರುಗಳಿಂದ ಬರುವ ದಾರಿ ಬಂದು ಸೇರಿಕೊಳ್ಳುತ್ತದೆ. ಇತಿಹಾಸದ ಲೆಕ್ಕದಲ್ಲಿ ಅದೇ ಮುಖ್ಯ ರಸ್ತೆ, ತೀರ್ಥಹಳ್ಳಿಯಿಂದ ಬರುವುದು ಕವಲು. ನಮ್ಮೂರಿನವರು ಬೇಸರ ಮಾಡಿಕೊಳ್ಳಬಾರದು.

1637–38ರ ಸುಮಾರಿಗೆ ಬಿಜಾಪುರದ ರಣದುಲ್ಲಾ ಖಾನನ ದಂಡು ಇಕ್ಕೇರಿಯನ್ನು ಸೂರೆ ಮಾಡಿತು. ಕೆಳದಿಯ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ, ಅಂದರೆ ಈಗಿನ ನಗರ ಎಂಬ ಊರಿಗೆ, ಸಾಗಿಸಿದ. ಕಾಡಿನ ನಡುವೆ, ಗುಡ್ಡಗಳ ಮರೆಯಲ್ಲಿ, ಶತ್ರುವಿಗೆ ಸುಲಭಕ್ಕೆ ಸಿಗದ ಜಾಗ ಅಂತ ಶಾಲೆಯ ಪಾಠದಲ್ಲಿ ಹೇಳಿಕೊಟ್ಟಿದ್ದರು. ಅದು ಅರ್ಧ ಸತ್ಯ. ಅಡಗಿಕೊಳ್ಳಲು ಮಲೆನಾಡಿನಲ್ಲಿ ಜಾಗಕ್ಕೇನು ಬರ? ಬಿದನೂರಿಗೆ ಇದ್ದ ಹೆಚ್ಚುಗಾರಿಕೆ ಎಂದರೆ ಹೊಸಂಗಡಿ ಘಾಟಿಯ ನೆತ್ತಿ ಅದರ ಕೈಯಳತೆಯಲ್ಲೇ ಇತ್ತು. ಆ ಘಾಟಿಯ ವ್ಯಾಪಾರದ ನೇರ ದಾರಿಯಲ್ಲಿದ್ದುದರಿಂದಲೇ ಊರು ಬೇಗ ಬೆಳೆಯಿತು ಎಂದು ಬಿ.ಎಲ್. ರೈಸ್ ಮೈಸೂರು ಗ್ಯಾಸೆಟಿಯರಿನಲ್ಲಿ ಬರೆದಿದ್ದಾರೆ. ಅಂದರೆ ರಾಜಧಾನಿ ಬಂತು, ಆಮೇಲೆ ರಸ್ತೆ ಬಂತು ಅಲ್ಲ. ದಾರಿ ಮೊದಲೇ ಇತ್ತು, ರಾಜಧಾನಿ ಅದರ ಬಾಯಿಗೆ ಬಂದು ಕೂತಿತು. ಕೋಟೆಯ ಹತ್ತು ಬಾಗಿಲುಗಳಲ್ಲಿ ಒಂದಕ್ಕೆ ದಿಲ್ಲಿ ಬಾಗಿಲು, ಒಂದಕ್ಕೆ ಕೊಡಿಯಾಲ ಬಾಗಿಲು, ಇನ್ನೊಂದಕ್ಕೆ ಕವಲೇದುರ್ಗದ ಬಾಗಿಲು ಅಂತ ಹೆಸರು. ಕೊಡಿಯಾಲ ಅಂದರೆ ಮಂಗಳೂರು. ಆ ಹೆಸರುಗಳನ್ನು ಓದಿದರೆ ನನಗೆ ಕೋಟೆಯ ನೆನಪಾಗುವುದಿಲ್ಲ, ಬಸ್ ಸ್ಟ್ಯಾಂಡಿನ ಬೋರ್ಡುಗಳ ನೆನಪಾಗುತ್ತದೆ.

1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನನ್ನು ನಾವು ಶಿಸ್ತಿಗೆ, ಕಂದಾಯದ ಅಳತೆಗೆ ನೆನೆಯುತ್ತೇವೆ. ರಸ್ತೆಯ ದೃಷ್ಟಿಯಿಂದ ನೋಡಿದರೆ ಅವನು ಮಾಡಿದ ದೊಡ್ಡ ಕೆಲಸ ಬೇರೆ. ಹೊನ್ನಾವರ, ಗಂಗೊಳ್ಳಿ, ಮಂಗಳೂರಿನ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ಘಟ್ಟದ ಮೇಲೂ ಅವನೇ, ಕೆಳಗೂ ಅವನೇ. ಮೇಲಿನಿಂದ ಕಾಳುಮೆಣಸು, ಅಡಿಕೆ, ಏಲಕ್ಕಿ ಹೊತ್ತ ಎತ್ತುಗಳು ಇಳಿಯುತ್ತವೆ, ಕೆಳಗಿನಿಂದ ಉಪ್ಪು, ತೆಂಗಿನಕಾಯಿ, ಒಣಮೀನು, ಹಡಗಿನಲ್ಲಿ ಬಂದ ಸರಕು ಹತ್ತುತ್ತದೆ, ನಡುವೆ ಬೇರೆಯವರ ಸುಂಕದ ಕಟ್ಟೆ ಇಲ್ಲ. ಕೆಳಗಿನ ತುದಿಯ ಬಸ್ರೂರು ಆ ಕಾಲಕ್ಕೆ ಸಣ್ಣ ಊರಲ್ಲ. ಅಕ್ಕಿ ತುಂಬಿಕೊಂಡು ಅರಬ್ಬರ ಬಂದರುಗಳಿಗೆ ಹಡಗು ಹೊರಡುತ್ತಿದ್ದ ಪೇಟೆ. 1665ರಲ್ಲಿ ಶಿವಾಜಿ ಸಮುದ್ರದ ಮೇಲೆ ಬಂದು ಸೂರೆ ಮಾಡಿದ್ದು ಇದೇ ಬಸ್ರೂರನ್ನು. ಹಣ ಇಲ್ಲದ ಕಡೆಗೆ ಯಾರೂ ಅಷ್ಟು ದೂರ ಹಡಗು ಬಿಡುವುದಿಲ್ಲ. ಇವತ್ತು ಬಸ್ರೂರು ಮೂರುಕೈಯಲ್ಲಿ ಬಸ್ಸಿಗೆ ಕಾಯುವವರಿಗೆ ಇದನ್ನು ಹೇಳಿದರೆ ನಗುತ್ತಾರೆ.

1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ರಾಣಿ ವೀರಮ್ಮಾಜಿಯನ್ನು ಮಧುಗಿರಿಗೆ ಸೆರೆ ಒಯ್ದರು. ಊರಿಗೆ ಹೈದರನಗರ ಅಂತ ಹೆಸರಾಯಿತು, ಟಂಕಸಾಲೆ ಬಂತು. ತನ್ನ ಭಾಗ್ಯ ತೆರೆದಿದ್ದು ನಗರದಲ್ಲಿ ಎಂದು ಹೈದರ್ ಹೇಳುತ್ತಿದ್ದನಂತೆ. ಅವನಿಗೆ ಸಿಕ್ಕಿದ್ದು ಬರೀ ಖಜಾನೆ ಅಲ್ಲ, ಖಜಾನೆ ತುಂಬಿಸುತ್ತಿದ್ದ ಘಾಟಿ ಮತ್ತು ಅದರ ಬುಡದ ಬಂದರು. ಘಾಟಿಯ ತಲೆಯಲ್ಲಿ ಕೋಟೆ, ಅದಕ್ಕೆ ಹೈದರಗಡ ಅಂತ ಹೆಸರು.

ಆ ಕೋಟೆಯ ಪರೀಕ್ಷೆ ನಡೆದದ್ದು ಇಪ್ಪತ್ತು ವರ್ಷದ ಮೇಲೆ. 1782ರ ಡಿಸೆಂಬರಿನಲ್ಲಿ ಹೈದರ್ ಸತ್ತ. ಟಿಪ್ಪು ದೂರದಲ್ಲಿದ್ದ. ಬೊಂಬಾಯಿ ಸರ್ಕಾರದ ಜನರಲ್ ಮ್ಯಾಥ್ಯೂಸ್ ಕರಾವಳಿಯಲ್ಲಿ ಇಳಿದು, ಹೊನ್ನಾವರ, ಕುಂದಾಪುರ ಹಿಡಿದು, 1783ರ ಜನವರಿಯಲ್ಲಿ ಇದೇ ಹೊಸಂಗಡಿಯಿಂದ ಘಟ್ಟ ಹತ್ತಿದ. ಬುಡದಿಂದ ನೆತ್ತಿಯವರೆಗೆ ಒಂದರ ಮೇಲೊಂದು ಅಡ್ಡಗಟ್ಟೆ, ತೋಪು, ಕಡಿದು ಕೆಡವಿದ ಮರ. ದಂಡು ಬಯೋನೆಟ್ ಹಿಡಿದು ಒಂದೊಂದನ್ನೇ ಹಾದು ಮೇಲೆ ಬಂತು. ನಗರದ ಅಧಿಕಾರಿ ಅಯಾಜ್ ಖಾನ್ ಹೋರಾಡದೆ ಊರು ಒಪ್ಪಿಸಿದ. ಮ್ಯಾಥ್ಯೂಸ್ ಮೇಲೆ ಹತ್ತಿದ್ದೇನೋ ಸರಿ, ಇಳಿಯುವ ದಾರಿಯನ್ನು ಕಾಯ್ದುಕೊಳ್ಳಲಿಲ್ಲ. ಏಪ್ರಿಲ್ ಹೊತ್ತಿಗೆ ಟಿಪ್ಪು ದೊಡ್ಡ ಸೈನ್ಯದೊಂದಿಗೆ ಬಂದು, ಘಾಟಿಯನ್ನು ಹಿಡಿದು, ಕೆಳಗಿನ ಸಂಪರ್ಕ ಕಡಿದ. ನಗರದೊಳಗೆ ಸಿಕ್ಕಿಬಿದ್ದ ದಂಡು ಶರಣಾಯಿತು, ಜನರಲ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಯುದ್ಧದ ಪುಸ್ತಕಗಳು ಇದನ್ನು ಸೇನಾಪತಿಗಳ ಜಾಣತನದ, ದಡ್ಡತನದ ಕತೆಯಾಗಿ ಹೇಳುತ್ತವೆ. ರಸ್ತೆ ಕೆಲಸದಲ್ಲೇ ಕೂದಲು ಬೆಳ್ಳಗಾದ ನನ್ನಂಥವನಿಗೆ ಕಾಣುವುದು ಒಂದೇ. ಘಾಟಿ ಕೈತಪ್ಪಿದರೆ ನಗರ ಒಂದು ಬೋನು.

1799ರ ನಂತರ ಈ ರಸ್ತೆಯ ನಡು ಮುರಿಯಿತು. ಘಟ್ಟದ ಮೇಲಿನದು ಮೈಸೂರಿಗೆ, ಕೆಳಗಿನದು ಕಂಪನಿಗೆ, ಆಮೇಲೆ ಮದರಾಸು ಪ್ರಾಂತ್ಯಕ್ಕೆ. 1956ರ ನವೆಂಬರ್ 1ರವರೆಗೆ, ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ, ಘಟ್ಟದ ಮೇಲೊಂದು ಸರ್ಕಾರ, ಕೆಳಗೊಂದು ಸರ್ಕಾರ. ಒಂದೇ ರಸ್ತೆಗೆ ಇಬ್ಬರು ಯಜಮಾನರು ಎಂದರೆ ಯಾರಿಗೂ ಅದು ತನ್ನ ಮನೆಯ ಹೆಬ್ಬಾಗಿಲಲ್ಲ, ಇಬ್ಬರಿಗೂ ಹಿತ್ತಿಲು. 1830–31ರಲ್ಲಿ ನಗರದ ರೈತರ ದಂಗೆ, ಅದರ ನೆಪದಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ವಹಿಸಿಕೊಂಡದ್ದು, 1834ರಿಂದ 1861ರವರೆಗೆ ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ ರಸ್ತೆ, ಘಾಟಿಗಳ ಕೆಲಸ, 1856ರಲ್ಲಿ ಲೋಕೋಪಯೋಗಿ ಇಲಾಖೆಯ ಹುಟ್ಟು, ಇವೆಲ್ಲ ನಿಮಗೆ ಗೊತ್ತಿರುವುದೇ. ಘಟ್ಟಕ್ಕೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ಪಡುವಣಕ್ಕೆ ಇಳಿಯುತ್ತಿದ್ದ ಅಡಿಕೆ ಮೂಟೆ ಮೂಡಣಕ್ಕೆ ತಿರುಗಿತು. ಕೆಳಗೆ 1907ರಲ್ಲಿ ಮಂಗಳೂರಿಗೂ ರೈಲು ಬಂದ ಮೇಲೆ ಕುಂದಾಪುರದಂಥ ಸಣ್ಣ ಬಂದರುಗಳ ಕತೆ ಮುಗಿದಂತೆಯೇ. ರಾಜಧಾನಿಯಾಗಿದ್ದ ನಗರ ತಾಲೂಕು ಕೇಂದ್ರವೂ ಆಗಿ ಉಳಿಯಲಿಲ್ಲ. ಕಚೇರಿಗಳು ಹೊಸನಗರಕ್ಕೆ ಎದ್ದು ಹೋದವು.

ಈಗ ಘಾಟಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಇತಿಹಾಸ ನನ್ನ ಹವ್ಯಾಸ, ಇದು ನನ್ನ ಕಸುಬು. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರಿಸುತ್ತೇನೆ.

ಹೇರೆತ್ತು ನಡೆಯುತ್ತಿದ್ದ ಹಳೆಯ ದಾರಿ ಕಡಿದಾಗಿತ್ತು, ಚಿಕ್ಕದಾಗಿತ್ತು. ಬೆನ್ನ ಮೇಲೆ ಹೇರು ಇದ್ದರೆ ಎತ್ತು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹತ್ತುತ್ತದೆ. ಗಾಡಿಗೆ ಅದು ಆಗದು. ತುಂಬಿದ ಗಾಡಿ ಎಳೆಯುವ ಜೋಡಿಗೆ ಇಪ್ಪತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರು, ಅದಕ್ಕಿಂತ ಹೆಚ್ಚು ಕೊಡಬಾರದು ಅನ್ನುವುದು ಹಳೆಯ ಎಂಜಿನಿಯರುಗಳ ಲೆಕ್ಕ. 500 ಮೀಟರ್ ಇಳಿಯಬೇಕಾದರೆ ಆ ಲೆಕ್ಕದಲ್ಲಿ 10 ಕಿಲೋಮೀಟರ್ ರಸ್ತೆ ಬೇಕು. ಹಕ್ಕಿ ಹಾರುವ ದೂರ ಅಷ್ಟಿಲ್ಲ. ಉಳಿದ ಉದ್ದವನ್ನು ಗುಡ್ಡದ ಮೈಮೇಲೆ ಮಡಚಿ ಮಡಚಿ ಹಾಕಬೇಕು. ಹೇರ್‌ಪಿನ್ ತಿರುವು ಹುಟ್ಟುವುದು ಅಲ್ಲಿ. ಮಡಿಕೆ ಬೀಳುವ ಜಾಗದಲ್ಲಿ ರಸ್ತೆಯನ್ನು ಆದಷ್ಟು ಸಮ ಮಾಡಬೇಕು, ನಲವತ್ತಕ್ಕೆ ಒಂದಕ್ಕಿಂತ ಹೆಚ್ಚು ಏರು ಇರಬಾರದು, ಒಳಸುತ್ತಿನ ತ್ರಿಜ್ಯ 14 ಮೀಟರಿಗೆ ಕಡಿಮೆ ಇರಬಾರದು, ಎರಡು ಸಾಲು ವಾಹನ ಓಡುವ ರಾಜ್ಯ ಹೆದ್ದಾರಿಯಾದರೆ ಅಲ್ಲಿ ಅಗಲ 11.5 ಮೀಟರ್ ಬೇಕು ಎಂದು ರಸ್ತೆಗಳ ಅಳತೆ, ಮಾನದಂಡ ಗೊತ್ತುಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆ ಹೇಳುತ್ತದೆ. ಗಾಡಿ ಕಾಲದಲ್ಲಿ ಕಡಿದ ಘಾಟಿಗಳಿಗೆ ಈ ಅಳತೆ ಎಲ್ಲಿಂದ ಬರಬೇಕು? ಅದಕ್ಕೇ ತಿರುವಿನಲ್ಲಿ ಲಾರಿಯವನು ಒಮ್ಮೆಗೆ ತಿರುಗಿಸಲಾಗದೆ, ಹಿಂದೆ ತೆಗೆದು, ಮತ್ತೆ ಮುಂದೆ ಬಿಟ್ಟು, ಹಿಂದಿನ ಚಕ್ರಗಳನ್ನು ಡಾಂಬರಿನ ಮೇಲೆ ಉಜ್ಜುತ್ತಾನೆ. ಡಾಂಬರು ಮೊದಲು ಕಿತ್ತು ಬರುವುದು ಅಲ್ಲಿ. ಬಾಳೆಬರೆಯ ತಿರುವಿನಲ್ಲಿ ಈಚೆಗೆ ಕಾಂಕ್ರೀಟ್ ಹಾಕಿದ್ದಕ್ಕೆ ಕಾರಣವೂ ಅದೇ. ಕಾಂಕ್ರೀಟ್ ಹಾಕಿದರೆ ಅದು ಗಟ್ಟಿಯಾಗುವವರೆಗೆ ಘಾಟಿ ಮುಚ್ಚಬೇಕು, ಮುಚ್ಚಿದಾಗ ಮಾತ್ರ ಎರಡು ಜಿಲ್ಲೆಯ ಪತ್ರಿಕೆಗಳಿಗೂ ಇದರ ನೆನಪಾಗುತ್ತದೆ.

ಆದರೆ ಲಾರಿ ಈ ರಸ್ತೆಯ ದೊಡ್ಡ ಶತ್ರು ಅಲ್ಲ. ಮಳೆ.

ಜುಲೈ ತಿಂಗಳ ಪತ್ರಿಕೆಯ ಮಳೆ ವಿವರ ತೆಗೆದು ನೋಡಿ: ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೇಹಕ್ಲು. ರಾಜ್ಯದ ಯಾವ ಮೂಲೆಯಲ್ಲೂ ಇಷ್ಟು ಹತ್ತಿರ ಹತ್ತಿರ ಮಳೆ ಮಾಪಕದ ಹೆಸರು ದಿನಾ ಅಚ್ಚಾಗುವುದಿಲ್ಲ. ಇಲ್ಲಿ ನೀರೆಂದರೆ ಕರೆಂಟು, ಎಷ್ಟು ಬಿತ್ತು ಅಂತ ವಿದ್ಯುತ್ ನಿಗಮಕ್ಕೆ ಬೆಳಗಾಗುವಷ್ಟರಲ್ಲಿ ಗೊತ್ತಾಗಬೇಕು. ವಾರಾಹಿಗೆ ಮಾಣಿಯಲ್ಲಿ ಅಣೆಕಟ್ಟು ಕಟ್ಟಿ, ನೀರನ್ನು ಸುರಂಗದಲ್ಲಿ ಇಳಿಸಿ, ಹೊಸಂಗಡಿಯ ಹತ್ತಿರ ನೆಲದೊಳಗಿನ ವಿದ್ಯುದಾಗಾರದಲ್ಲಿ 115 ಮೆಗಾವಾಟಿನ ನಾಲ್ಕು ಯಂತ್ರ ತಿರುಗಿಸುತ್ತಾರೆ, ಒಟ್ಟು 460 ಮೆಗಾವಾಟ್. ನಾವು ರಸ್ತೆಯಲ್ಲಿ ಸುತ್ತಿ ಸುತ್ತಿ ಇಳಿಯುವ ಎತ್ತರವನ್ನು ಆ ನೀರು ಕೊಳವೆಯಲ್ಲಿ ನೆಟ್ಟಗೆ ಇಳಿಯುತ್ತದೆ. ಮಾಸ್ತಿಕಟ್ಟೆಯ ಹತ್ತಿರದ ಕುಂಚಿಕಲ್ ಜಲಪಾತ 455 ಮೀಟರ್ ಎಂದು ಪುಸ್ತಕಗಳಲ್ಲಿ ಇನ್ನೂ ಓದುತ್ತೇವೆ. ಮಾಣಿ ಅಣೆಕಟ್ಟಿನ ಮೇಲೆ ಅದರ ಅಬ್ಬರ ಮಳೆಗಾಲಕ್ಕೆ ಮಾತ್ರ, ಅದೂ ಅಷ್ಟಕ್ಕಷ್ಟೆ. ಕೆಳಗಡೆ ಸಿದ್ದಾಪುರ, ಅಂಪಾರಿನ ರೈತರು ಇದೇ ವಾರಾಹಿಯ ನೀರಾವರಿ ಕಾಲುವೆಗೆ ಕಾದು ಕಾದು ಒಂದು ತಲೆಮಾರೇ ದಾಟಿತು. ಕಾಲುವೆಯಲ್ಲಿ ನೀರು ಕಂಡಿದ್ದು ಹತ್ತು ವರ್ಷದ ಈಚೆಗೆ. ಕರೆಂಟಿಗೆ ಇಳಿದಷ್ಟು ಬೇಗ ಗದ್ದೆಗೆ ಇಳಿಯಲಿಲ್ಲ ಅನ್ನುವುದು ಅವರ ಮಾತು. ನಾನು ಅಲ್ಲಗಳೆಯಲಾರೆ.

ಮಳೆಗೆ ಬರುತ್ತೇನೆ. ಆಗುಂಬೆ, ಹುಲಿಕಲ್ ಸಾಲಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ಒಂದೇ ದಿನಕ್ಕೆ 200 ಮಿಲಿಮೀಟರ್ ಬಿದ್ದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅದನ್ನೇ ನೀರಿನ ಲೆಕ್ಕಕ್ಕೆ ತಿರುಗಿಸಿ. ಒಂದು ಹೆಕ್ಟೇರ್ ಗುಡ್ಡದ ಮೇಲೆ 20 ಲಕ್ಷ ಲೀಟರ್. ಒಂದು ಮೋರಿಯ ಮೇಲ್ಗಡೆ ಹತ್ತು ಹೆಕ್ಟೇರ್ ಗುಡ್ಡ ಇದೆ ಅಂತ ಇಟ್ಟುಕೊಳ್ಳಿ, ದಿನಕ್ಕೆ 2 ಕೋಟಿ ಲೀಟರ್. ಒಂದಷ್ಟನ್ನು ಕಾಡು ಕುಡಿಯುತ್ತದೆ, ಆಷಾಢದ ಹೊತ್ತಿಗೆ ಅದರ ಹೊಟ್ಟೆಯೂ ತುಂಬಿರುತ್ತದೆ. ಉಳಿದದ್ದೆಲ್ಲ ರಸ್ತೆಯ ಒಳಬದಿಯ ಚರಂಡಿಗೆ ಬಂದು, ಆ ಒಂದು ಮೋರಿಯ ಬಾಯಿಂದ ಆಚೆ ಕಣಿವೆಗೆ ಹೋಗಬೇಕು.

ಮೋರಿಯ ಬಾಯಿ ಕಟ್ಟಿಕೊಂಡರೆ ಏನಾಗುತ್ತದೆ? ಮೇ ತಿಂಗಳ ತರಗೆಲೆ, ಮುರಿದ ಕೊಂಬೆ, ಮೇಲಿನಿಂದ ಜಾರಿದ ಜಂಬಿಟ್ಟಿಗೆ ಮಣ್ಣು, ಈಗೀಗ ಕುರುಕಲು ತಿಂಡಿಯ ಪ್ಯಾಕೆಟ್ಟು. ಮೊದಲ ದೊಡ್ಡ ಮಳೆಗೆ ಇವೆಲ್ಲ ಬಂದು ಪೈಪಿಗೆ ಅಡ್ಡ ನಿಲ್ಲುತ್ತವೆ. ಚರಂಡಿ ತುಂಬಿ ನೀರು ರಸ್ತೆಗೆ ಏರುತ್ತದೆ. ಡಾಂಬರು ಬಿಸಿಲನ್ನು ತಡೆಯುತ್ತದೆ, ಲಾರಿಯನ್ನೂ ತಡೆಯುತ್ತದೆ, ನಿಂತ ನೀರನ್ನು ತಡೆಯುವುದಿಲ್ಲ. ಹಾಗೆ ಹರಿದ ನೀರು ಹೊರಬದಿಯ ಅಂಚಿನಲ್ಲಿ ತನಗೊಂದು ದಾರಿ ಮಾಡಿಕೊಂಡು ಕೆಳಗೆ ಧುಮುಕುತ್ತದೆ. ಅಲ್ಲಿ ತಡೆಗೋಡೆಯ ಬುಡದ ಮಣ್ಣು ಇದೆ. ಅದನ್ನು ದಿನಾ ಸ್ವಲ್ಪ ಸ್ವಲ್ಪ ತೊಳೆಯುತ್ತದೆ. ಒಂದು ಬೆಳಿಗ್ಗೆ ರಸ್ತೆಯ ಹೊರ ಅರ್ಧದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ, ನೇರ ಅಲ್ಲ, ಬಿದಿಗೆ ಚಂದ್ರನ ಹಾಗೆ ಬಾಗಿದ್ದು. ಆ ಬಾಗಿದ ಬಿರುಕು ಕಂಡರೆ ಅಲ್ಲಿ ಕಾಲಿಡಬೇಡಿ. ಮಾರನೇ ದಿನ ಪತ್ರಿಕೆಯಲ್ಲಿ ‘ಘಾಟಿಯಲ್ಲಿ ಕುಸಿತ’ ಅಂತ ಬರುತ್ತದೆ. ಗುಡ್ಡ ಕುಸಿಯಿತು ಅಂತ ನಾವು ಗುಡ್ಡವನ್ನು ಬೈಯುತ್ತೇವೆ. ಎಷ್ಟೋ ಸಲ ಕಟ್ಟಿಕೊಂಡಿದ್ದು ಒಂದು ಪೈಪು.

ಹಿಂದೆ ಇದಕ್ಕೊಂದು ವ್ಯವಸ್ಥೆ ಇತ್ತು. ಗ್ಯಾಂಗ್‌ಮನ್‌ಗಳು. ಇಷ್ಟು ಮೈಲಿಗೆ ಇಷ್ಟು ಜನ ಅಂತ ಹಂಚಿಕೊಟ್ಟಿದ್ದರು, ಅವರವರ ಮೈಲಿ ಅವರವರ ಜವಾಬ್ದಾರಿ. ಮಳೆಗಾಲಕ್ಕೆ ಮುಂಚೆ ಗುದ್ದಲಿ, ಕತ್ತಿ, ಪುಟ್ಟಿ ಹಿಡಿದು ಚರಂಡಿ ಬಿಡಿಸುವುದು, ಮೋರಿ ಒಳಗೆ ತೆವಳಿ ಮಣ್ಣು ಎಳೆಯುವುದು, ಮಳೆ ಸುರಿಯುವಾಗ ಕಂಬಳಿಕೊಪ್ಪೆ ಹಾಕಿಕೊಂಡು ನೀರು ಎಲ್ಲಿ ತಪ್ಪುತ್ತಿದೆ ಅಂತ ನಡೆದು ನೋಡುವುದು. ಹಳಬರಿಗೆ ಯಾವ ಮೋರಿ ಯಾವ ಮಳೆಗೆ ಕಟ್ಟಿಕೊಳ್ಳುತ್ತದೆ ಅನ್ನುವುದು ಬಾಯಿಪಾಠ. ‘ಸಾರ್, ಆ ದೇವಸ್ಥಾನದ ಕೆಳಗಿಂದು ಪುಷ್ಯದ ಮಳೆ ತಡ್ಕತ್ತೆ, ಆಶ್ಲೇಷಕ್ಕೆ ಕೈಕೊಡತ್ತೆ’ ಅನ್ನುತ್ತಿದ್ದರು. ಯಾವ ಎಸ್ಟಿಮೇಟಿನಲ್ಲೂ ಸಿಗದ ಮಾಹಿತಿ ಅದು. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಜನ ಬರಲಿಲ್ಲ, ಯಂತ್ರ ಬಂತು. ಜೆಸಿಬಿ ಬಿದ್ದ ಮಣ್ಣು ತೆಗೆಯಲು ಬಹಳ ಒಳ್ಳೆಯದು. ಬೀಳುವ ಮುಂಚೆ ಬಗ್ಗಿ ನೋಡುವ ಕೆಲಸ ಅದಕ್ಕೆ ಬರುವುದಿಲ್ಲ. ಈಗಿನ ನಿಯಮದಲ್ಲಿ ಘಾಟಿಗೆ 90 ಸೆಂಟಿಮೀಟರಿಗೆ ಕಡಿಮೆ ಪೈಪು ಹಾಕಬಾರದು ಅನ್ನುತ್ತಾರೆ. ಮನುಷ್ಯ ಒಳಗೆ ಹೊಕ್ಕು ತೆಗೆಯುವಂತಿರಬೇಕು ಅಂತ. ಹೊಗುವ ಮನುಷ್ಯನನ್ನು ಎಲ್ಲಿಂದ ತರೋಣ?

ಜನರ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಅದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಘಟ್ಟದ ಕೆಳಗಿನವರು ಅಡಿಕೆ ಕೊಯ್ಲಿಗೆ, ತೋಟದ ಕೆಲಸಕ್ಕೆ ಮೇಲೆ ಬಂದರು, ಹಲವರು ಇಲ್ಲೇ ನಿಂತರು. ನಮ್ಮ ಹರಕೆಗಳು ಕೆಳಗೆ ಹೋದವು. ಮಂದಾರ್ತಿ ಮೇಳದ ಯಕ್ಷಗಾನದ ಆಟ ಆಡಿಸುತ್ತೇವೆ ಅಂತ ಹೇಳಿಕೊಂಡ ಮಲೆನಾಡಿನ ಮನೆಗಳು ಎಷ್ಟಿಲ್ಲ? ಆಟದ ಸಾಮಾನು ಹೊತ್ತ ವಾಹನ, ವೇಷದವರ ಬಸ್ಸು ಘಟ್ಟ ಹತ್ತಿ ಬರುತ್ತವೆ. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಇನ್ನೊಂದು ಹೇರು ಸೇರಿಕೊಂಡಿತು, ರೋಗಿಗಳು. ಹೊಸನಗರ, ನಗರ ಸೀಮೆಯಲ್ಲಿ ರಾತ್ರಿ ಎದೆನೋವು ಬಂದರೆ ಆಂಬುಲೆನ್ಸ್ ಹಿಡಿಯುವುದು ಈ ಘಾಟಿಯನ್ನೇ. ಹುಲಿಕಲ್ಲಿನ ಚಂಡಿಕಾಂಬೆಯ ಗುಡಿ ಮುಂದೆ ಲಾರಿಯವರು ಗಾಡಿ ನಿಲ್ಲಿಸಿ ಕಾಸು ಹಾಕಿ ಇಳಿಯುತ್ತಾರೆ. ಕೆಳಗಿನ ಹೊಸಂಗಡಿಯಲ್ಲಿ ಚಹಾ ಕುಡಿಯುವಾಗ ಕೇಳುವ ಪ್ರಶ್ನೆಯೂ ಒಂದೇ: ‘ಹ್ವಾಯ್, ಘಾಟಿ ಹತ್ತುಕೆ ಆತ್ತಾ ಇವತ್ತ್?’

ಇನ್ನು ನಿಮ್ಮ ಪ್ರಶ್ನೆಗಳು.

ಮುಂದಿನ ಸಾಲಿನ ಹುಡುಗನೊಬ್ಬ ಕೇಳಿದ: ‘ಸಾರ್, ಇಷ್ಟೆಲ್ಲ ಟ್ರಾಫಿಕ್ ಇರೋವಾಗ ನಾಲ್ಕು ಪಥ ಮಾಡಬಹುದಲ್ವಾ?’

ಮಾಡಬಹುದು ಮಾರಾಯ, ಗುಡ್ಡ ಒಪ್ಪಬೇಕಲ್ಲ. ಘಾಟಿ ಹಾದುಹೋಗುವುದು ಮೂಕಾಂಬಿಕಾ ಅಭಯಾರಣ್ಯದ ಕಾಡಿನ ಸೀಮೆಯಲ್ಲಿ, ಒಂದು ಮರ ಕಡಿಯಬೇಕಾದರೂ ವನ್ಯಜೀವಿ ಮಂಡಳಿಯ ಮುಂದೆ ಹೋಗಬೇಕು. ಅದನ್ನು ಅಡ್ಡಿ ಅನ್ನುವವರಿದ್ದಾರೆ, ನಾನು ಅಲ್ಲ. ಅಗಲ ಮಾಡುವುದು ಎಂದರೆ ಗುಡ್ಡದ ಕಾಲು ಕಡಿಯುವುದು. ಹತ್ತು ಅಡಿ ಅಗಲಕ್ಕೆ ಒಳಬದಿಯಲ್ಲಿ ಮೂವತ್ತು ನಲವತ್ತು ಅಡಿ ಎತ್ತರದ ಮಣ್ಣು ಬೆತ್ತಲಾಗುತ್ತದೆ. ಈ ಮಳೆಗೆ ಅದು ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ ತಿರುವುಗಳಲ್ಲಿ ಮಾತ್ರ ಅಗಲ ಮಾಡಿ, ಕಾಂಕ್ರೀಟ್ ಹಾಕಿ. ನಡುವಿನ ದಾರಿಯಲ್ಲಿ ಎದುರು ಬಂದವರಿಗೆ ಬಿಟ್ಟುಕೊಡುವ ಜಾಗಗಳಿದ್ದರೆ ಸಾಕು.

ಹಿಂದೆ ಕೂತಿದ್ದ ಹಿರಿಯ ಅಮ್ಮ ಒಬ್ಬರು ಕೇಳಿದ್ದು ಪ್ರಶ್ನೆ ಅಲ್ಲ, ಮಾಹಿತಿ. ‘ನಮ್ಮ ಅಪ್ಪಯ್ಯ ಗಾಡಿ ಹೊಡೀತಿದ್ರು. ಘಟ್ಟ ಇಳಿಯೋವಾಗ ಗಾಡಿ ಹಿಂದೆ ಮರದ ದಿಮ್ಮಿ ಕಟ್ಟಿ ಎಳ್ಕಂಡು ಇಳಿಸ್ತಿದ್ರಂತೆ, ಇಲ್ದಿದ್ರೆ ಎತ್ತಿನ ಮೇಲೇ ಗಾಡಿ ಬರ್ತಿತ್ತು ಅಂತಿದ್ರು.’ ಅಮ್ಮ, ಇದಕ್ಕಿಂತ ಒಳ್ಳೆಯ ಬ್ರೇಕಿನ ಪಾಠ ನಾನು ಕೇಳಿಲ್ಲ. ಈಗಿನ ಲಾರಿಯವರಿಗೆ ಸಣ್ಣ ಗೇರಿನಲ್ಲಿ ಇಳಿಸಿ ಅನ್ನುವುದೂ ಅದೇ ಲೆಕ್ಕ. ಗಾಡಿಯ ವೇಗವನ್ನು ಬರೀ ಬ್ರೇಕಿನ ಮೇಲೆ ಬಿಡಬಾರದು. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಬ್ರೇಕ್ ಕಾದು ಸುಟ್ಟ ವಾಸನೆ ಬಂದರೆ ಅವನು ಆ ಪಾಠ ಕಲಿತಿಲ್ಲ ಅಂತ ತಿಳಿಯಿರಿ.

ಮೂರನೆಯ ಪ್ರಶ್ನೆ ಒಬ್ಬ ಅಂಗಡಿಯವರದು: ಮಳೆಗಾಲದಲ್ಲಿ ಇಲ್ಲೂ ಭಾರಿ ವಾಹನ ನಿಲ್ಲಿಸುತ್ತಾರೆ, ಆಗುಂಬೆಯಲ್ಲಿ ಮೊದಲೇ ಇಲ್ಲ, ಸಾಮಾನು ಎಲ್ಲಿಂದ ತರಿಸುವುದು?

ನ್ಯಾಯವಾದ ಪ್ರಶ್ನೆ. ಬೈಂದೂರು, ಕೊಲ್ಲೂರು, ಹೊಸನಗರ, ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ 766ಸಿ ಈಗ ರಾಷ್ಟ್ರೀಯ ಹೆದ್ದಾರಿ. ಅದು ಪೂರ್ತಿ ಸರಿಹೋದರೆ ಕೊಲ್ಲೂರಿನ ಘಾಟಿ ಒಂದಷ್ಟು ಹೇರನ್ನು ಹಂಚಿಕೊಳ್ಳುತ್ತದೆ. ಆಗುಂಬೆಗೆ ಸುರಂಗದ ಮಾತೂ ಇದೆ. ಆದರೆ ಒಂದು ಘಾಟಿ ಮುಚ್ಚಿದ ದಿನ ಇನ್ನೊಂದು ತೆರೆದಿರಬೇಕು ಅನ್ನುವ ಲೆಕ್ಕದಲ್ಲಿ ಮೂರನ್ನೂ ಒಟ್ಟಿಗೆ ನೋಡುವ ಒಂದು ಕಚೇರಿ ನಮ್ಮಲ್ಲಿಲ್ಲ. ಒಂದು ರಾಜ್ಯದ್ದು, ಎರಡು ಕೇಂದ್ರದ್ದು, ಘಾಟಿಯ ಅರ್ಧ ಶಿವಮೊಗ್ಗ ಜಿಲ್ಲೆ, ಅರ್ಧ ಉಡುಪಿ ಜಿಲ್ಲೆ. ಇಬ್ಬರು ಜಿಲ್ಲಾಧಿಕಾರಿಗಳು ಬೇರೆ ಬೇರೆ ಆದೇಶ ಹೊರಡಿಸುತ್ತಾರೆ. ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಒಂದಿದೆ. ಮಾರ್ಚ್ ತಿಂಗಳಲ್ಲಿ ಪಂಚಾಯಿತಿಯ ಮೂಲಕ ಒಂದು ಅರ್ಜಿ ಕೊಡಿ. ರಸ್ತೆ ಅಗಲ ಮಾಡಿ ಅಂತ ಬರೆಯಬೇಡಿ, ಅದನ್ನು ಯಾರೂ ಓದುವುದಿಲ್ಲ. ಘಾಟಿಯಲ್ಲಿ ಮೋರಿಗಳು ಎಷ್ಟಿವೆ, ಅವುಗಳಲ್ಲಿ ಎಷ್ಟರ ಬಾಯಿ ಬಿಡಿಸಿದ್ದೀರಿ, ಲಿಖಿತ ಉತ್ತರ ಕೊಡಿ ಅಂತ ಕೇಳಿ. ಅರ್ಜಿಯ ಒಂದು ನಕಲಿಗೆ ಮುದ್ರೆ ಹಾಕಿಸಿ ಇಟ್ಟುಕೊಳ್ಳಿ.